ಬೇಯುವ ತನಕ ಕಾದ ನಾಡು

ಹಿರಿಯೂರನ್ನು ಹಿಂದಿಕ್ಕಿ ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಬರುವ ಪ್ರಯಾಣಿಕನು, ಎಡಬಲಗಳಲ್ಲಿ ಜಾಲಿಯ ಪೊದೆಗಳೂ ಕೆಂಪು ಮರಳುಮಣ್ಣಿನ ಹೊಲಗಳೂ ಬೋಳುಗುಡ್ಡಗಳೂ ಒಂದಾದಮೇಲೊಂದು ಸರಿಯುತ್ತಿರುವುದನ್ನು ನೋಡುತ್ತ, ಶೇಂಗಾ ಗಿರಣಿಗಳಿಂದಾಗಿ ‘ಎಣ್ಣೆಯ ನಗರ’ವೆಂದು ಹೆಸರು ಪಡೆದ ಚಳ್ಳಕೆರೆಯನ್ನು ಸಂಜೆಯ ವೇಳೆಗೆ ಮುಟ್ಟಿದನಾದರೆ, ಅವನನ್ನು ಮೊದಲು ಎದುರುಗೊಳ್ಳುವುದು ತಳ್ಳುಗಾಡಿಗಳ ಸಾಲು. ಬಾಣಲೆಯಲ್ಲಿ ಎಣ್ಣೆ ಸಿಡಿಯುತ್ತಿರುತ್ತದೆ. ಗೋಬಿ ಮಂಚೂರಿ, ನೂಡಲ್ಸ್, ಎಗ್ ರೈಸ್, ಯಾವುದನ್ನು ಕೇಳಿದರೂ ಐದು ನಿಮಿಷದೊಳಗೆ ಕೈಗೆ ಬರುತ್ತದೆ. ಹಸಿದು ಬಂದ ವಿದ್ಯಾರ್ಥಿಯನ್ನಾಗಲಿ ಲಾರಿಯ ಚಾಲಕನನ್ನಾಗಲಿ ಆ ಗಾಡಿಯ ಮುಂದೆ ನಿಂತದ್ದಕ್ಕಾಗಿ ನಿಂದಿಸುವ ಮನಸ್ಸು ನನಗಿಲ್ಲ. ಆದರೆ 2024ರ ಮಾರ್ಚ್ ತಿಂಗಳಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯ ಸರ್ಕಾರವು ನಿಷೇಧಿಸಬೇಕಾಗಿ ಬಂದಾಗ, ಬಟ್ಟೆಗೆ ಹಾಕತಕ್ಕ ರೋಡಮೀನ್-ಬಿ ಎಂಬ ಬಣ್ಣವು ಮಕ್ಕಳ ಹೊಟ್ಟೆಯನ್ನು ಸೇರುತ್ತಿದ್ದ ಸಂಗತಿ ಪ್ರಯೋಗಶಾಲೆ ಹೇಳಿದ ಮೇಲೆಯೇ ನಮಗೆ ತಿಳಿಯಬೇಕಾಯಿತಲ್ಲ ಎಂಬ ವ್ಯಥೆ ನನ್ನನ್ನು ಬಹುದಿನ ಕಾಡಿತು. ತಾವು ಉಣ್ಣುವ ಪದಾರ್ಥ ಎಲ್ಲಿ ಬೆಳೆಯಿತು, ಯಾರ ಕೈ ಹಾದು ಬಂತು, ಎಷ್ಟು ಹೊತ್ತು ಬೆಂದಿತು ಎಂಬುದನ್ನು ಕಣ್ಣಿನಿಂದಲೂ ಮೂಗಿನಿಂದಲೂ ಬಲ್ಲವರಾಗಿದ್ದ ಜನರ ನಾಡಲ್ಲವೆ ಇದು?

ಬಹಳ ವರ್ಷಗಳ ಹಿಂದೆ ಮೊಳಕಾಲ್ಮೂರಿನ ಕಡೆಯ ಒಂದು ಹಟ್ಟಿಯಲ್ಲಿ, ಸುಡುಬಿಸಿಲಿನ ನಡುಹಗಲಲ್ಲಿ, ಬಸ್ಸು ತಪ್ಪಿಹೋದೀತೆಂದು ನಾನು ಚಡಪಡಿಸುತ್ತಿದ್ದಾಗ ಒಲೆಯ ಮುಂದೆ ಕುಳಿತಿದ್ದ ಹಿರಿಯಾಕೆ ತಲೆಯೆತ್ತದೆಯೇ ಹೇಳಿದಳು: “ಕೂಕಳಪ್ಪ, ಹಿಟ್ಟಿನ್ನೂ ಬೆಂದಿಲ್ಲ. ಹಸೀ ಮುದ್ದೆ ಇಕ್ಕಿ ಕಳಿಸ್ಲಾ ನಿನ್ನ?” ಕುದಿಯುವ ಎಸರಿಗೆ ನುಚ್ಚು ಬಿಟ್ಟು, ಅದು ಅರೆಬೆಂದ ಮೇಲೆ ರಾಗಿಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕಲಕದೆ, ನಡುವೆ ಕೋಲಿನಿಂದ ಕುಳಿಮಾಡಿ, ಉರಿಯನ್ನು ತಗ್ಗಿಸಿ ಆಕೆ ಸುಮ್ಮನೆ ಕುಳಿತುಬಿಟ್ಟಿದ್ದಳು. ಹಿಟ್ಟಿನ ನಡುವಿನಿಂದ ಗುಳುಗುಳು ಶಬ್ದ ಹುಟ್ಟಿ, ಹಸಿವಾಸನೆ ಅಳಿದು, ಹದವಾದ ಸುವಾಸನೆ ಎದ್ದ ಮೇಲಷ್ಟೇ ಗಡಿಗೆಯನ್ನು ಇಳಿಸಿ, ಕವೆಗೋಲಿನಿಂದ ಒತ್ತಿಹಿಡಿದು, ಮೈಯ ಬಲವನ್ನೆಲ್ಲ ಕೈಗೆ ತಂದುಕೊಂಡು ತೊಳಸತೊಡಗಿದಳು. ಬಸ್ಸು ಹೋಯಿತು. ಆ ಮುದ್ದೆಯ ಜೊತೆಗೆ ಹುರುಳಿಯ ಕಟ್ಟಿನ ಸಾರನ್ನೂ ಶೇಂಗಾ ಚಟ್ನಿಯನ್ನೂ ಉಂಡ ನೆನಪು ಇಂದಿಗೂ ನನ್ನಲ್ಲಿ ಹಸಿಯಾಗಿಯೇ ಇದೆ.

1986ರಲ್ಲಿ ರೋಮ್ ನಗರದ ಸ್ಪ್ಯಾನಿಷ್ ಮೆಟ್ಟಿಲುಗಳ ಬಳಿಯಲ್ಲಿ ಮೆಕ್‌ಡೊನಾಲ್ಡ್ಸ್ ಸಂಸ್ಥೆಯ ಉಪಾಹಾರ ಮಂದಿರ ತೆರೆದಾಗ ಅದನ್ನು ಪ್ರತಿಭಟಿಸಿದ ಕಾರ್ಲೊ ಪೆಟ್ರೀನಿ ಮೊದಲಾದ ಇಟಲಿಯ ಮಿತ್ರರು ‘ಸ್ಲೋ ಫುಡ್’ ಎಂಬ ಚಳವಳಿಯನ್ನು ಹುಟ್ಟಿಸಿದರೆಂಬುದೂ, 1989ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಘೋಷಣಾಪತ್ರಕ್ಕೆ ಹಲವು ದೇಶಗಳವರು ಸಹಿ ಹಾಕಿದರೆಂಬುದೂ, ಬಸವನಹುಳುವನ್ನು ಅವರು ತಮ್ಮ ಲಾಂಛನವಾಗಿ ಆರಿಸಿಕೊಂಡರೆಂಬುದೂ ಓದುಗರಲ್ಲಿ ಅನೇಕರಿಗೆ ತಿಳಿದಿರಬಹುದು. ಒಳ್ಳೆಯ ಕೆಲಸವೇ. ಆದರೆ ನಿಧಾನವಾಗಿ ಉಣ್ಣುವುದೆಂದರೆ ಬಿಡುವುಳ್ಳವರ ಒಂದು ಸುಖವೆಂಬ ಭಾವನೆ ಅದರ ಸುತ್ತ ಬೆಳೆದುಬಿಟ್ಟಿದೆ. ಚಳ್ಳಕೆರೆ-ಮೊಳಕಾಲ್ಮೂರುಗಳ ಸೀಮೆಯಲ್ಲಿ ನಿಧಾನವು ಬಿಡುವಿನಿಂದ ಹುಟ್ಟಿದ್ದಲ್ಲ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸಿನಲ್ಲಿ, ಅದೂ ಬಂದರೆ ಬಂತು ಇಲ್ಲದಿದ್ದರೆ ಇಲ್ಲವೆಂಬಂತೆ ಸುರಿಯುವ ಮಳೆಯನ್ನು ನೆಚ್ಚಿದ ಜನರು, ಒಂದು ಕಾಲದ ಫಲವನ್ನು ಮತ್ತೊಂದು ಕಾಲದ ಹಸಿವಿಗೆ ಕೂಡಿಡುವ ವಿದ್ಯೆಯನ್ನು ಕಲಿಯದೆ ಬದುಕುವಂತಿರಲಿಲ್ಲ. ಇಲ್ಲಿನ ಸಾವಧಾನವೆಲ್ಲ ಆ ವಿದ್ಯೆಯಿಂದ ಬಂದದ್ದೆಂದು ನನ್ನ ನಂಬಿಕೆ.

ಆ ವಿದ್ಯೆಯ ಪ್ರಾಚೀನತೆಯೂ ಸಾಮಾನ್ಯವಾದುದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ನಾವು ಅಶೋಕನ ಶಾಸನದಿಂದ ಬಲ್ಲೆವು, 1892ರಲ್ಲಿ ಬಿ. ಎಲ್. ರೈಸ್ ಅವರು ಅಲ್ಲಿಯೂ ಸಿದ್ದಾಪುರದಲ್ಲಿಯೂ ಜಟಿಂಗ ರಾಮೇಶ್ವರದಲ್ಲಿಯೂ ಅವನ ಶಾಸನಗಳನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅದೇ ಬೆಟ್ಟದ ಬುಡವನ್ನು ಅಗೆದಾಗ ಶಾಸನಕ್ಕಿಂತ ಬಹು ಹಿಂದಿನ, ಕಲ್ಲುಕೊಡಲಿಯ ಕಾಲದ ಜನವಸತಿ ಹೊರಬಂದಿತು. ಅದೇ ಸಂಸ್ಕೃತಿಗೆ ಸೇರಿದ, ಬಳ್ಳಾರಿಯ ಪಕ್ಕದ ಸಂಗನಕಲ್ಲಿನಂತಹ ನೆಲೆಗಳ ಮಣ್ಣನ್ನು ಜಾಲಾಡಿದ ವಿದ್ವಾಂಸರಿಗೆ ಸುಟ್ಟು ಕರಿಕಾದ ಕಾಳುಗಳು ದೊರೆತಿವೆ: ಕೊರಲೆಯೆಂಬ ಕಿರುಧಾನ್ಯ, ಹುರುಳಿ, ಹೆಸರು. ಸುಮಾರು ನಾಲ್ಕು ಸಹಸ್ರ ವರ್ಷಗಳ ಹಿಂದೆ ಈ ಬಯಲಿನ ಒಲೆಗಳಲ್ಲಿ ಬೆಂದ ಅದೇ ಕೊರಲೆಯನ್ನು ಇಂದು ಕರ್ನಾಟಕ-ಆಂಧ್ರಗಳ ಗಡಿಯ ಚಿತ್ರದುರ್ಗ, ತುಮಕೂರು, ಅನಂತಪುರದ ಕಡೆಯ ರೈತರು ಇನ್ನೂ ಬಿತ್ತುತ್ತಿದ್ದಾರೆ. ಆ ದಿನದ ಮಡಕೆಗಳು ಒಡೆದು ಮಣ್ಣುಪಾಲಾದರೂ ಅವುಗಳೊಳಗೆ ಬೆಂದ ಧಾನ್ಯವು ಬಿತ್ತಿನಿಂದ ಬಿತ್ತಿಗೆ ದಾಟಿ ಉಳಿದುಬಂದಿತಲ್ಲ ಎಂದು ನೆನೆದಾಗ ನನಗೆ ರೋಮಾಂಚವಾಗುತ್ತದೆ.

ಹೊಲದಲ್ಲಿಯೇ ಈ ಸಾವಧಾನ ಮೊದಲಾಗುತ್ತಿತ್ತು. ನವಣೆಯೋ ಸಜ್ಜೆಯೋ ರಾಗಿಯೋ ಮುಖ್ಯ ಬೆಳೆಯಾಗಿದ್ದಲ್ಲಿ ನಡುನಡುವೆ ಅಕ್ಕಡಿ ಸಾಲುಗಳಲ್ಲಿ ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳುಗಳನ್ನು ಹಾಕುವರು. ಒಂದು ಕೈಕೊಟ್ಟರೆ ಮತ್ತೊಂದು ಕೈಹಿಡಿಯಬೇಕು. ಮುಂಗಾರು ಪೂರ್ತಿ ಸುಳ್ಳಾದ ವರ್ಷದಲ್ಲಿಯೂ, ಹಿಂಗಾರಿನ ಎರಡು ಹದಮಳೆ ಬಿದ್ದರೆ ಹುರುಳಿಗೆ ಸಾಕು. ಬೆಳೆದುದನ್ನು ವಾಡೆಗಳಲ್ಲಿ ತುಂಬಿ, ಹೆಚ್ಚಿನದನ್ನು ನೆಲದೊಳಗಿನ ಹಗೇವಿಗೆ ಇಳಿಸಿ, ಬಾಯಿಗೆ ಹುಲ್ಲನ್ನೂ ಮಣ್ಣನ್ನೂ ಮುಚ್ಚಿ ವರ್ಷಗಟ್ಟಲೆ ಕಾಯುವರು. ಹೊಟ್ಟು ಬಿಡಿಸದ ಕಿರುಧಾನ್ಯಕ್ಕೆ ಹುಳು ಹಿಡಿಯುವುದು ಕಡಮೆ. ಇಷ್ಟಾದರೂ ವಿಧಿ ಮುನಿದಾಗ ಈ ಎಚ್ಚರವೆಲ್ಲ ಸಾಲದಾಗಿ, 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಐವರಲ್ಲೊಬ್ಬನಂತೆ ಜನ ಅಳಿದರೆಂಬುದನ್ನು ಮರೆಯಲಾಗದು. ಹಿಂದಿನ ಕಾಲವೆಲ್ಲ ಸುಭಿಕ್ಷವಾಗಿತ್ತೆಂದು ಹೇಳುವ ಹುಸಿ ಅಭಿಮಾನ ನಮಗೆ ಬೇಡ.

ಮತ್ತೊಂದು ಮಾತನ್ನೂ ಮುಚ್ಚಿಡದೆ ಹೇಳತಕ್ಕದ್ದಿದೆ. ಈ ನಿಧಾನದ ಭಾರವನ್ನು ಹೊತ್ತವರು ಹೆಂಗಸರು. ನವಣೆ, ಸಾಮೆ, ಕೊರಲೆಗಳ ಕಾಳಿಗೆ ಹೊಟ್ಟು ಬಿಗಿಯಾಗಿ ಅಂಟಿರುವುದರಿಂದ, ಬತ್ತದಂತೆ ಸುಲಭವಾಗಿ ಅವು ಅಕ್ಕಿಯಾಗುವುದಿಲ್ಲ. ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿ, ಕೇರಿ, ಮತ್ತೆ ಕುಟ್ಟಿ, ಮತ್ತೆ ಕೇರಿ, ಕಡೆಗೆ ಒಂದು ಹೊತ್ತಿನ ಅನ್ನಕ್ಕಾಗುವಷ್ಟು ಅಕ್ಕಿ ಮಾಡುವ ಹೊತ್ತಿಗೆ ತೋಳು ಸೋಲುವುವು. ರಾಗಿಯಾದರೆ ಬೆಳಕು ಹರಿಯುವ ಮೊದಲೇ ಎದ್ದು ಬೀಸುವರು. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಕೆಡವಿದಳೆಂದು ನಾವು ಕೊಂಡಾಡುವ ಓಬವ್ವನ ಕೈಗೆ, ಗಂಡನನ್ನು ಊಟಕ್ಕೆ ಕೂರಿಸಿ ನೀರಿಗೆ ಬಂದ ಆ ಗಳಿಗೆಯಲ್ಲಿ, ಒನಕೆಯೇ ಸಿಕ್ಕಿತೆಂಬುದು ಆಕಸ್ಮಿಕವಲ್ಲ. ಈ ಸೀಮೆಯ ಹೆಣ್ಣುಮಕ್ಕಳ ತೋಳು ಕುಟ್ಟಿ ಕುಟ್ಟಿಯೇ ಗಟ್ಟಿಯಾದದ್ದು. ಆ ದಣಿವಿನಿಂದಲೇ ಬೀಸುವ ಪದಗಳೂ ಕುಟ್ಟುವ ಪದಗಳೂ ಹುಟ್ಟಿದುವು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ, ಅಕ್ಷರವನ್ನರಿಯದಿದ್ದರೂ ಸಾವಿರಾರು ಹಾಡುಗಳನ್ನು ಕಂಠದಲ್ಲಿ ಧರಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ನಾಡೋಜ ಗೌರವವನ್ನು ಪಡೆದರು. ಹಾಡು ಉಳಿಯಬೇಕೆಂದು ಬಯಸುವ ನಾವು ಆ ದಣಿವೂ ಉಳಿಯಲೆಂದು ಬಯಸಿದರೆ ಅದು ಅಧರ್ಮ. ಕಿರುಧಾನ್ಯದ ಹೊಟ್ಟು ಬಿಡಿಸುವ ಯಂತ್ರ ಊರಿಗೊಂದು ಬಂದರೆ ನವಣೆಯ ಮಹಿಮೆ ಎಳ್ಳಷ್ಟೂ ತಗ್ಗದು.

ಬೇಯಿಸುವ ಕ್ರಮದಲ್ಲಿ ಯಾವುದೂ ವ್ಯರ್ಥವಾಗದು. ಹುರುಳಿಯನ್ನು ಬೇಯಿಸಿ ಬಸಿದ ಕಟ್ಟು ಸಾರಿಗೆ; ಕಾಳು ಪಲ್ಯಕ್ಕೆ, ಇಲ್ಲವೆ ಮಕ್ಕಳ ಕೈಗೆ ಗುಗ್ಗರಿಯಾಗಿ; ಮಿಕ್ಕರೆ ದುಡಿದುಬಂದ ಎತ್ತಿಗೆ. ಒಂದೇ ಕಾಳು ಒಕ್ಕಲಿಗನನ್ನೂ ಅವನ ಎತ್ತನ್ನೂ ಸಾಕುತ್ತಿತ್ತು. ರಾತ್ರಿ ಉಳಿದ ಮುದ್ದೆಯು ಗಡಿಗೆಯಲ್ಲಿ ಹುಳಿಬಂದು ಬೆಳಗ್ಗೆ ಅಂಬಲಿಯಾಗಿ, ಮಜ್ಜಿಗೆ ಈರುಳ್ಳಿಗಳ ಜೊತೆಯಲ್ಲಿ ಹೊಲಕ್ಕೆ ಹೋಗುತ್ತಿತ್ತು; ಹುಳಿಬರಿಸುವುದರಿಂದ ರಾಗಿಯ ಖನಿಜಾಂಶಗಳು ದೇಹಕ್ಕೆ ಸುಲಭವಾಗಿ ಹತ್ತುತ್ತವೆಂದು ಆಹಾರಶಾಸ್ತ್ರಜ್ಞರು ಈಗ ವಿವರಿಸುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಹುಣಸೆಯ ಕಥೆ ಇನ್ನೂ ಸೊಗಸು: ತಿರುಳು ಸಾರಿನ ಪಾಲಾದರೆ, ಬೀಜವನ್ನು ಅರೆದು ಕಾಸಿದ ಸರಿಯನ್ನು ಚಳ್ಳಕೆರೆಯ ಸುತ್ತಿನ ಕಂಬಳಿ ನೇಯುವವರು ಉಣ್ಣೆಯ ಹಾಸಿಗೆ ಬಳಿದು ನೂಲಿಗೆ ಬಿಗಿ ತರುವರು.

ಹಾಗೆಂದು ಶೀಘ್ರವಾದುದೆಲ್ಲ ಹಗೆಯೆಂದು ಭಾವಿಸತಕ್ಕದ್ದಲ್ಲ. ಕುರಿಯ ಹಿಂದೆ ದಿನಗಟ್ಟಲೆ ಅಲೆಯುವವನ ಚೀಲದಲ್ಲಿ ರಾಗಿಯ ಹುರಿಹಿಟ್ಟು ಇರುತ್ತಿತ್ತು. ಬೆಲ್ಲ, ನೀರು ಸೇರಿಸಿ ಕಲಸಿದರೆ ಕ್ಷಣದಲ್ಲಿ ಊಟ. ತಂಬಿಟ್ಟು ವಾರಗಟ್ಟಲೆ ಕೆಡದು. ಮಂಡಕ್ಕಿಗೆ ಒಗ್ಗರಣೆ ಹಾಕಿ ಮೆಣಸಿನಕಾಯಿ ಬಜ್ಜಿಯೊಡನೆ ಕೊಡಲು ಎಷ್ಟು ಹೊತ್ತು ಬೇಕು? ಉಣ್ಣುವವನಿಗೆ ಇವೆಲ್ಲ ಶೀಘ್ರವೇ. ಆದರೆ ಆ ಶೀಘ್ರತೆಯ ಹಿಂದೆ ನೆನೆಸಿದ, ಒಣಗಿಸಿದ, ಹದವರಿತು ಹುರಿದ ದಿನಗಳ ದುಡಿಮೆ ಅಡಗಿದೆ. ತಳ್ಳುಗಾಡಿಯ ತಿನಿಸಿನಲ್ಲಿ ನಾನು ಕಾಣುವ ಕೊರತೆ ಅದರ ಐದು ನಿಮಿಷವಲ್ಲ. ಆ ಐದು ನಿಮಿಷದ ಹಿಂದೆ ನಮ್ಮ ಹೊಲವಾಗಲಿ ನಮ್ಮ ಋತುವಾಗಲಿ ಇಲ್ಲದಿರುವುದು.

ಹೊಲವು ದೂರವಾದುದಕ್ಕೆ ಕಾರಣಗಳು ಕಾಣದಂಥವಲ್ಲ. ಶೇಂಗಾ ಕೈಗೆ ಕಾಸು ತಂದಿತು, ಗಿರಣಿಗಳನ್ನು ತಂದಿತು. ಜೊತೆಗೆ ಅಕ್ಕಡಿ ಸಾಲುಗಳನ್ನು ಅಳಿಸಿ ಹೊಲವನ್ನೆಲ್ಲ ಒಂದೇ ಬೆಳೆಗೆ ಒಪ್ಪಿಸಿತು. ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ ಹುಲ್ಲುಗಾವಲು ಈಗ ದೊಡ್ಡ ವೈಜ್ಞಾನಿಕ ಸಂಸ್ಥೆಗಳ ಬೇಲಿಯೊಳಗೆ ಸೇರಿ, ದನ-ಕುರಿಗಳ ಮೇವು ಕುಗ್ಗಿ, ಹಾಲು-ತುಪ್ಪಗಳೂ ಕುಗ್ಗಿದುವು. 2013ರಲ್ಲಿ ಬಂದ ಅನ್ನಭಾಗ್ಯ ಯೋಜನೆಯ ಅಕ್ಕಿ ಹಸಿದವರ ಮನೆಯ ಒಲೆಯನ್ನು ಹೊತ್ತಿಸಿತೆಂಬುದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆ ಅಕ್ಕಿಯ ಪಕ್ಕದಲ್ಲಿ ಆಯಾ ಸೀಮೆಯ ನವಣೆ, ಸಜ್ಜೆಗಳಿಗೂ ನ್ಯಾಯಬೆಲೆ ಅಂಗಡಿಯಲ್ಲಿ ಸ್ಥಿರವಾದ ಸ್ಥಾನವಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತೆಂದು ನನಗನ್ನಿಸುತ್ತದೆ.

ಊಟದ ಸುತ್ತ ಒಂದು ನಿಯಮವೂ ಈ ನಾಡಿನಲ್ಲಿ ಬೆಳೆದಿತ್ತು. ದೇವರ ಎತ್ತುಗಳ ಮಂದೆಯನ್ನು ಇಂದಿಗೂ ಸಾಕಿಕೊಂಡು ಬಂದಿರುವ ಮ್ಯಾಸಬೇಡರ ಹಟ್ಟಿಗಳಲ್ಲಿ ಕೋಳಿಯನ್ನು ಉಣ್ಣಬಾರದೆಂಬ ಕಟ್ಟುಪಾಡಿದೆ. ಕಾರಣವನ್ನು ಕೇಳಿದರೆ ಹಿರಿಯರು ನಡೆಸಿಕೊಂಡು ಬಂದದ್ದೆಂದಷ್ಟೇ ಹೇಳುವರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದ ಕಾಯಕಯೋಗಿಗಳು. “ಮಾಡಿದಷ್ಟು ನೀಡು ಭಿಕ್ಷೆ” ಎಂಬ ಅವರ ಮಾತು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ದುಡಿಮೆಗೂ ತುತ್ತಿಗೂ ಇರತಕ್ಕ ಸಂಬಂಧವನ್ನು ಅಷ್ಟು ಕಡಮೆ ಮಾತಿನಲ್ಲಿ ಹೇಳಿದವರನ್ನು ನಾನು ಬೇರೆಡೆ ಕಾಣೆ. ಫಾಲ್ಗುಣದ ಜಾತ್ರೆಯಲ್ಲಿ ಲಕ್ಷಾಂತರ ಭಕ್ತರು ಕೊಬ್ಬರಿ ಸುಟ್ಟು ಹರಕೆ ತೀರಿಸುವಾಗ, ಬೀದಿಯಲ್ಲಿ ಏಳುವ ಆ ಹೊಗೆಯ ಪರಿಮಳವನ್ನು ಒಮ್ಮೆ ಸವಿದವನು ಮರೆಯಲಾರ.

2023ನೆಯ ವರ್ಷವನ್ನು ವಿಶ್ವಸಂಸ್ಥೆಯು, ಭಾರತದ ಸೂಚನೆಯ ಮೇರೆಗೆ, ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಕೊರಲೆಯ ಹೆಸರು ಪಟ್ಟಣದ ಅಂಗಡಿಗಳ ಹಲಗೆಯ ಮೇಲೆಯೂ ಕಾಣಿಸತೊಡಗಿದೆ. ಬೆಂಗಳೂರಿನಲ್ಲಿ ಚೊಕ್ಕವಾದ ಪೊಟ್ಟಣದೊಳಗೆ ದುಬಾರಿ ಬೆಲೆಗೆ ಮಾರುವ ಧಾನ್ಯವನ್ನು ಬೆಳೆದವನೇ ಮನೆಯಲ್ಲಿ ಉಣ್ಣಲಾರದೆ ಹೋಗುವಂತಾದರೆ, ಆ ಗೌರವದಿಂದ ಹಟ್ಟಿಗೆ ಬಂದ ಭಾಗ್ಯವಾವುದು? ಬೆಳೆದ ಊರಿನಲ್ಲಿಯೇ ಹೊಟ್ಟು ಬಿಡಿಸಿ, ಬೆಳೆದ ಊರಿನ ಶಾಲೆಯ ಬಿಸಿಯೂಟದಲ್ಲಿಯೇ ಮೊದಲು ಬಡಿಸುವಂತಾಗಬೇಕೆಂಬುದು ನನ್ನ ಆಸೆ.

ಆ ದಿನ ಬಸ್ಸು ತಪ್ಪಿದ್ದರಿಂದ ಸಂಜೆಯವರೆಗೆ ನಾನು ಆ ಹಿರಿಯಾಕೆಯ ಜಗಲಿಯಲ್ಲಿಯೇ ಉಳಿದೆನು. ಆಕೆ ಒಳಗಿನಿಂದ ಒಂದು ಸೋರೆಬುರುಡೆಯನ್ನು ತಂದು, ಬಾಯಿಗೆ ಮೆತ್ತಿದ್ದ ಮಣ್ಣನ್ನು ಕೆರೆದು, ಬೂದಿಯೊಡನೆ ಬೆರೆಸಿಟ್ಟಿದ್ದ ನವಣೆಯ ಬಿತ್ತನ್ನು ಅಂಗೈಗೆ ಸುರಿದುಕೊಂಡು, ಹುಳು ಬಿದ್ದಿದೆಯೇನೋ ಎಂದು ಹೊರಳಿಸಿ ನೋಡಿದಳು. ನಿಮ್ಮ ಹೊಲಕ್ಕೆ ಇಷ್ಟೆಲ್ಲ ಬೇಕೇನಮ್ಮ ಎಂದು ಕೇಳಿದೆ. “ಒಂದ್ಸಲಕ್ಕೆ ಇಷ್ಟು ಬ್ಯಾಡಪ್ಪ,” ಎಂದಳು, ಕಾಳನ್ನು ಮತ್ತೆ ಬುರುಡೆಗೆ ತುಂಬುತ್ತ. “ಮೊದಲ್ನೇ ಮಳೆ ಸುಳ್ಳಾದ್ರೆ ಇನ್ನೊಂದಪ ಬಿತ್ತಬೇಕಲ್ಲ.”