ಒಂದೂವರೆಯೋ, ಐದೂವರೆಯೋ?

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಹೋರಿ ಕೊಳ್ಳಲು ಬಂದ ರೈತ ಮೊದಲು ಅದರ ಕೆಳದುಟಿ ಸರಿಸಿ ಬಾಯಿ ನೋಡುತ್ತಾನೆ. ಹಾಲುಹಲ್ಲು ಇನ್ನೂ ಬಿದ್ದಿಲ್ಲವೋ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂಬುದರಿಂದ ವಯಸ್ಸು ಗೊತ್ತಾಗುತ್ತದೆ, ವಯಸ್ಸಿನ ಮೇಲೆ ಬೆಲೆ ಕುದುರುತ್ತದೆ. ಮಾರುವವನ ಬಾಯಿಮಾತು ಅಲ್ಲಿ ಲೆಕ್ಕಕ್ಕಿಲ್ಲ. ಈಗ ಅದೇ ಪ್ರಶ್ನೆಯನ್ನು ನೂರು ಗಜ ದೂರದಲ್ಲಿ, ಮುಳ್ಳುಪೊದೆಯಿಂದ ಅರ್ಧ ಮೈ ಹೊರಗಿಟ್ಟು ನಿಂತ ಜಿಂಕೆಯ ಬಗ್ಗೆ ಕೇಳಿದರೆ? ಬಾಯಿ ತೆರೆದು ನೋಡುವಂತಿಲ್ಲ, ಅದು ಎಷ್ಟು ಹೊತ್ತು ನಿಂತೀತೆಂಬ ಭರವಸೆಯೂ ಇಲ್ಲ. ಕಣ್ಣಳತೆಯಲ್ಲೇ ವಯಸ್ಸು ಹೇಳಬೇಕು.

ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣ ಭಾಗದಲ್ಲಿ ಈ ಕಣ್ಣಳತೆ ಒಂದು ವಿದ್ಯೆಯಾಗಿ ಬೆಳೆದಿದೆ. ನಮ್ಮ ಬಳ್ಳಾರಿ, ರಾಯಚೂರು ಸೀಮೆಯವರಿಗೆ ಆ ನೆಲ ಹೊಸದೆನಿಸಲಿಕ್ಕಿಲ್ಲ. ಬಳ್ಳಾರಿ ಜಾಲಿಯ ದಾಯಾದಿಯಾದ ಮೆಸ್ಕೀಟ್ ಗಿಡ, ಕಾಲಿಟ್ಟಲ್ಲೆಲ್ಲ ಪಾಪಾಸುಕಳ್ಳಿ, ಬಿಸಿಲು. ಪೊದೆಗಳ ನಡುವೆ ಉದ್ದಕ್ಕೆ ಕಡಿದು ಬಿಟ್ಟ ಬಯಲುದಾರಿಗಳನ್ನು ಅಲ್ಲಿಯವರು ಸ್ಪ್ಯಾನಿಷ್ ಮಾತಿನಲ್ಲಿ ಸೆಂಡೆರೊ ಎನ್ನುತ್ತಾರೆ. ಅದರ ಅಂಚಿನ ಅಟ್ಟಣೆಯಲ್ಲಿ ಬೈನಾಕ್ಯುಲರ್ ಹಿಡಿದು ಕೂತವರು ಬಿಳಿಬಾಲದ ಜಿಂಕೆ ದಾರಿ ದಾಟುವುದನ್ನು ಕಾಯುತ್ತಾರೆ.

ಜಿಂಕೆ ಹೊಡೆಯುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವಾಗಿರುವ ನಾಡಿನಲ್ಲಿ ಬೆಳೆದ ನನಗೆ ಬೇಟೆಯ ಮೇಲೆ ಒಲವಿಲ್ಲ. ಆದರೆ ಈ ವಿದ್ಯೆಯ ಬಗ್ಗೆ ಓದುತ್ತ ಹೋದಂತೆ ಗೌರವ ಮೂಡಿತು. ಇದನ್ನು ಕಲಿತವನು ಕೂತ ಹತ್ತು ಸಂಜೆಗಳಲ್ಲಿ ಒಂಬತ್ತರಲ್ಲಿ ಕೋವಿ ಎತ್ತದೆ ಇಳಿದು ಬಂದಾನು.

ಇದರ ಹಿಂದೆ ಒಂದು ಕಥೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಮಾಂಸ ಮತ್ತು ಚರ್ಮದ ವ್ಯಾಪಾರಕ್ಕೆ ಸಿಕ್ಕಿ ಅಮೆರಿಕದ ಬಿಳಿಬಾಲದ ಜಿಂಕೆ ಐದು ಲಕ್ಷಕ್ಕೂ ಕೆಳಗೆ ಇಳಿದಿತ್ತೆಂದು ಅಂದಾಜು. ಕಾನೂನು ಬಿಗಿಯಾಯಿತು. ಕೋವಿ, ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೇ ಖರ್ಚು ಮಾಡುವ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ 1937ರಲ್ಲಿ ಬಂತು. ಜಿಂಕೆ ಕೋಟಿಗಳ ಲೆಕ್ಕಕ್ಕೆ ಮರಳಿತು. ಆದರೆ ತೋಳ ಅಳಿದ ನಾಡಿನಲ್ಲಿ ಹಿಂಡು ಮೇವಿಗಿಂತ ಹೆಚ್ಚಾಗತೊಡಗಿತು. ಬೇಟೆಗಾರರು ಹೆಣ್ಣನ್ನು ಬಿಟ್ಟು ಕಂಡ ಕೊಂಬನ್ನೆಲ್ಲ ಹೊಡೆಯುತ್ತಿದ್ದುದರಿಂದ ಗಂಡುಗಳು ಎಳೆಯದರಲ್ಲೇ ಮುಗಿದುಹೋಗುತ್ತಿದ್ದವು. 1989ರಲ್ಲಿ ಆ ದೇಶದಲ್ಲಿ ಹೊಡೆದ ಕೊಂಬುಳ್ಳ ಗಂಡುಗಳಲ್ಲಿ ಸುಮಾರು ಶೇ 62ರಷ್ಟು ಬರೀ ಒಂದೂವರೆ ವರ್ಷದವು. ಮೊದಲ ಕೊಂಬು ಮೂಡಿಸಿಕೊಂಡ ಹುಡುಗರು!

ದಕ್ಷಿಣ ಟೆಕ್ಸಾಸಿನ ಇಬ್ಬರು ವನ್ಯಜೀವಿ ತಜ್ಞರು, ಆಲ್ ಬ್ರದರ್ಸ್ ಮತ್ತು ಮರ್ಫಿ ರೇ, 1975ರಲ್ಲಿ ತಂದ ಪುಸ್ತಕ ಈ ಅಭ್ಯಾಸವನ್ನು ಪ್ರಶ್ನಿಸಿತು. ಹೆಣ್ಣುಗಳನ್ನು ಮೇವಿಗೆ ತಕ್ಕಷ್ಟು ತಗ್ಗಿಸಿ, ಎಳೆಯ ಗಂಡುಗಳನ್ನು ಬೆಳೆಯಲು ಬಿಡಿ ಎಂಬುದು ಅವರ ವಾದ. ಕೇಳಲು ಸುಲಭ. ಆದರೆ ಎಳೆಯದನ್ನು ಬಿಡಬೇಕಾದರೆ ಯಾವುದು ಎಳೆಯದೆಂದು ಗುಂಡು ಹಾರುವ ಮೊದಲೇ ಗೊತ್ತಾಗಬೇಕಲ್ಲ. ಕಣ್ಣಳತೆಯ ವಿದ್ಯೆ ಬೇಕಾದದ್ದು ಅಲ್ಲಿಂದ.

ವಯಸ್ಸನ್ನು ಅಲ್ಲಿ ಅರ್ಧದ ಲೆಕ್ಕದಲ್ಲಿ ಹೇಳುತ್ತಾರೆ: ಒಂದೂವರೆ, ಎರಡೂವರೆ, ಮೂರೂವರೆ. ಮರಿಗಳು ಹುಟ್ಟುವುದು ಬೇಸಿಗೆಯಲ್ಲಿ, ಟೆಕ್ಸಾಸಿನ ಬೇಟೆ ಶುರುವಾಗುವುದು ನವೆಂಬರಿನ ಮೊದಲ ಶನಿವಾರ. ಹಾಗಾಗಿ ಆ ದಿನಗಳಲ್ಲಿ ಕಾಣುವ ಪ್ರತಿಯೊಂದಕ್ಕೂ ಹೆಚ್ಚುಕಡಿಮೆ ಅರ್ಧ ವರ್ಷ ಕೂಡಿರುತ್ತದೆ.

ಹೊಸಬರ ಕಣ್ಣು ನೇರ ಕೊಂಬಿಗೆ ಹೋಗುತ್ತದೆ. ಕಲಿಸುವವರು ಮೊದಲು ಬಿಡಿಸುವುದೇ ಆ ಚಟವನ್ನು. ಜಿಂಕೆಯ ಕೊಂಬು ಹಸುವಿನ ಕೊಂಬಿನಂತೆ ಜೀವಮಾನವಿಡೀ ಉಳಿಯುವುದಿಲ್ಲ. ಚಳಿಗಾಲದ ಕೊನೆಗೆ ಉದುರುತ್ತದೆ, ವಸಂತದಲ್ಲಿ ಮಖಮಲ್ಲಿನಂಥ ಚರ್ಮ ಹೊದ್ದು ಮತ್ತೆ ಚಿಗುರುತ್ತದೆ, ಸೆಪ್ಟೆಂಬರಿನ ಹೊತ್ತಿಗೆ ಆ ಚರ್ಮ ಕಳಚಿ ಗಟ್ಟಿ ಎಲುಬು ಉಳಿಯುತ್ತದೆ. ಮಳೆ ಚೆನ್ನಾಗಿ ಬಂದ ವರ್ಷ ಎರಡೂವರೆಯ ಗಂಡೂ ಎಂಟು ಕವಲು ಹೊತ್ತು ಮೆರೆಯಬಹುದು. ಬರಗಾಲದಲ್ಲಿ ಆರೂವರೆಯದ್ದೂ ಬಡಕಲು ಕೊಂಬು ಹೊರಬಹುದು. ಕವಲು ಎಣಿಸಿ ವರ್ಷ ಹೇಳುವುದು ಹಳೆಯ ತಪ್ಪು ನಂಬಿಕೆ.

ನೋಡಬೇಕಾದ್ದು ಮೈಯನ್ನು, ಅದೂ ಪಕ್ಕದಿಂದ. ಒಂದೂವರೆಯ ಗಂಡಿನ ಕೊಂಬನ್ನು ಹೆಬ್ಬೆರಳಿನಿಂದ ಮರೆಮಾಡಿದರೆ ಅದು ಹೆಣ್ಣಿನಂತೆಯೇ ಕಾಣುತ್ತದೆ: ಸಪೂರ ಕತ್ತು, ಮೈಗೆ ಹೆಚ್ಚಾದಂತೆ ತೋರುವ ಉದ್ದ ಕಾಲು. ಎರಡೂವರೆಗೆ ಮೈ ಸ್ವಲ್ಪ ತುಂಬಿದರೂ ಕಾಲಿನ ಉದ್ದ, ಸೊಂಟದ ಸಣ್ಣತನ ಹಾಗೇ ಇರುತ್ತವೆ. ಮೂರೂವರೆಯದನ್ನು ಅಲ್ಲಿಯವರು ರೇಸ್ ಕುದುರೆಗೆ ಹೋಲಿಸುತ್ತಾರೆ. ಎದೆ ಆಳವಾಗಿದೆ, ಹೊಟ್ಟೆ ಬಿಗಿದಿದೆ. ಬೆದೆಗಾಲದಲ್ಲಿ ಕತ್ತು ಉಬ್ಬಿದರೂ ಅದು ಭುಜಕ್ಕೆ ಸೇರುವಲ್ಲಿ ಗೆರೆಯೊಂದು ಸ್ಪಷ್ಟವಾಗಿ ಕಾಣುತ್ತದೆ. ಈ ವಯಸ್ಸಿನದನ್ನು ಕಂಡಾಗಲೇ ಹೆಚ್ಚು ಜನ ಮೋಸಹೋಗುವುದು. ನೋಡಲು ಪೂರ್ಣ ಬೆಳೆದಂತಿದೆ, ಚೆಲುವಾಗಿದೆ, ಆದರೆ ಕೊಂಬಿನ ಬೆಳವಣಿಗೆ ಇನ್ನೂ ಬಾಕಿಯಿದೆ.

ನಾಲ್ಕೂವರೆಗೆ ಕತ್ತು ಭುಜದೊಳಕ್ಕೆ ಕರಗಿ ಆ ಗೆರೆ ಅಳಿಸುತ್ತದೆ. ಐದೂವರೆ ದಾಟಿದ ಮೇಲೆ ಮೈಯ ಆಕಾರವೇ ಬೇರೆ. ಹೊಟ್ಟೆ ಎದೆಯ ಮಟ್ಟಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ, ಬೆನ್ನು ನಡುವೆ ಕುಸಿಯುತ್ತದೆ. ಕಾಲಿನ ಅಳತೆ ಬದಲಾಗದಿದ್ದರೂ ಮೇಲಿನ ಭಾರಕ್ಕೆ ಕುಳ್ಳಗೆ ತೋರುತ್ತದೆ. ಹಿಂಗಾಲಿನ ಕೀಲಿನ ಒಳಮಗ್ಗುಲಲ್ಲಿ ಒಂದು ಗ್ರಂಥಿಯಿದೆ. ಬೆದೆಗಾಲದಲ್ಲಿ ಗಂಡು ಅದರ ಮೇಲೆ ಮೂತ್ರ ಸುರಿಸಿಕೊಂಡು ಕಾಲು ಉಜ್ಜುತ್ತದೆ. ಎಳೆಯದರಲ್ಲಿ ಅಲ್ಲಿ ಕಂದು ಮಚ್ಚೆ, ಮುದಿಯದರಲ್ಲಿ ಕಾಡಿಗೆಯಂಥ ಕಪ್ಪು, ಕೆಲವೊಮ್ಮೆ ಗೊರಸಿನತ್ತ ಇಳಿದ ಕಲೆ. ಇನ್ನೂ ಮುದಿಯಾದರೆ ದವಡೆಯ ಕೆಳಗೆ ಚರ್ಮ ಸಡಿಲಾಗಿ ಎತ್ತಿನ ಗಂಗೆದೊಗಲನ್ನು ನೆನಪಿಸುತ್ತದೆ.

ಈ ಗುರುತುಗಳೂ ಋತುವಿಗೆ ಕಟ್ಟುಬಿದ್ದವು. ಬೇಸಿಗೆಯಲ್ಲಿ ಮುದಿ ಗಂಡಿನ ಕತ್ತೂ ಸಪೂರವಾಗಿ ಎಳೆಯದರಂತೆ ಕಾಣುತ್ತದೆ. ಬೆದೆಗಾಲದ ಓಡಾಟ, ಕಾದಾಟಗಳಲ್ಲಿ ಮೇವು ಮರೆತ ಗಂಡು ಮೈತೂಕದ ಐದನೆಯ ಒಂದು ಪಾಲನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು ಕಳೆದುಕೊಂಡು ಜನವರಿಯಲ್ಲಿ ಮೂರೂವರೆಯಂತೆ ನಿಂತಿರುತ್ತದೆ. ಆದ್ದರಿಂದ ಪಳಗಿದವರು ಜಿಂಕೆಯ ಜೊತೆಗೆ ತಾರೀಖನ್ನೂ ನೋಡುತ್ತಾರೆ.

ಸರ್ಕಾರಕ್ಕೆ ಇಷ್ಟು ಸೂಕ್ಷ್ಮವಾಗಿ ಕಾನೂನು ಬರೆಯಲು ಬರುವುದಿಲ್ಲ. ಟೆಕ್ಸಾಸ್ 2002ರಲ್ಲಿ ಆರು ಕೌಂಟಿಗಳಲ್ಲಿ ಒಂದು ಸರಳ ಅಳತೆ ತಂದಿತು. ಗಂಡನ್ನು ಹೊಡೆಯಬೇಕಾದರೆ ಅದರ ಎರಡು ಕೊಂಬುಗಳ ನಡುವಿನ ಒಳಗಲ 13 ಇಂಚಾದರೂ ಇರಬೇಕು, ಇಲ್ಲವೇ ಒಂದು ಕೊಂಬಾದರೂ ಕವಲಿಲ್ಲದ್ದಾಗಿರಬೇಕು. ಕಿವಿ ನಿಮಿರಿಸಿ ನಿಂತ ಜಿಂಕೆಯ ಒಂದು ಕಿವಿತುದಿಯಿಂದ ಇನ್ನೊಂದಕ್ಕೆ ಸುಮಾರು 13 ಇಂಚೇ ಇರುವುದರಿಂದ ಅಳತೆಪಟ್ಟಿ ಜಿಂಕೆಯ ತಲೆಯ ಮೇಲೇ ಇದೆ. ನಿಯಮ ಆಮೇಲೆ ನೂರಕ್ಕೂ ಹೆಚ್ಚು ಕೌಂಟಿಗಳಿಗೆ ಹಬ್ಬಿತು. ದೇಶದಾದ್ಯಂತ ಹೊಡೆದ ಕೊಂಬುಳ್ಳವುಗಳಲ್ಲಿ ಒಂದೂವರೆಯ ಗಂಡುಗಳ ಪಾಲು ಈಚಿನ ವರ್ಷಗಳಲ್ಲಿ ಶೇ 30ರ ಆಸುಪಾಸಿಗೆ ಇಳಿದಿದೆ. ಅದರಲ್ಲಿ ಕಾನೂನಿಗಿಂತ ತಾವಾಗಿ ಕಾಯಲು ಕಲಿತವರ ಪಾಲೇ ದೊಡ್ಡದೆಂದು ನನ್ನ ಅನಿಸಿಕೆ.

ಊಹೆ ಸರಿಯೇ ಎಂದು ತಾಳೆನೋಡುವುದು ಬೇಟೆಯಾದ ಮೇಲೆ, ದವಡೆಯಲ್ಲಿ. ಇಲ್ಲಿ ನಮ್ಮ ಜಾತ್ರೆಯ ರೈತನ ದಾರಿಗೇ ಬರುತ್ತೇವೆ. ನ್ಯೂಯಾರ್ಕ್ ರಾಜ್ಯದ ತಜ್ಞ ಸೆವರಿಂಗ್‌ಹೌಸ್ 1949ರಲ್ಲಿ ಜಿಂಕೆಯ ದವಡೆಹಲ್ಲು ಹುಟ್ಟುವ, ಸವೆಯುವ ಕ್ರಮವನ್ನು ಬರೆದಿಟ್ಟ. ಮೂರನೆಯ ಹಲ್ಲು ಮೂರು ಏಣಿನ ಹಾಲುಹಲ್ಲಾಗಿದ್ದರೆ, ಇಲ್ಲವೇ ಈಗಷ್ಟೇ ಬದಲಾಗುತ್ತಿದ್ದರೆ ಅದು ಒಂದೂವರೆ, ಸಂದೇಹವಿಲ್ಲ. ಆಮೇಲಿನ ವರ್ಷಗಳಿಗೆ ಸವೆತವೇ ಆಧಾರ. ಮರಳುನೆಲದಲ್ಲಿ ಮೇಯುವ ಜಿಂಕೆಯ ಹಲ್ಲು ಬೇಗ ಸವೆಯುವುದರಿಂದ ಅದೂ ಪೂರ್ತಿ ನಂಬುವಂಥದಲ್ಲ. ಮುಂಬಲ್ಲಿನ ಬೇರನ್ನು ತೆಳ್ಳಗೆ ಸೀಳಿ ಮರದ ಉಂಗುರಗಳಂಥ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವ ಪ್ರಯೋಗಾಲಯಗಳೂ ಇವೆ. ವಯಸ್ಸು ಖಚಿತವಾಗಿ ಗೊತ್ತಿರುವ ಜಿಂಕೆಗಳ ಚಿತ್ರ ತೋರಿಸಿ ಪರೀಕ್ಷೆ ಮಾಡಿದಾಗ ಅನುಭವಿ ತಜ್ಞರೂ ವರ್ಷವನ್ನು ಕರಾರುವಾಕ್ಕಾಗಿ ಹೇಳುವಲ್ಲಿ ಮತ್ತೆಮತ್ತೆ ತಪ್ಪಿದ್ದಾರೆ. ಎಳೆಯದು, ನಡುಪ್ರಾಯದ್ದು, ಬಲಿತದ್ದು ಎಂದು ವಿಂಗಡಿಸುವುದಷ್ಟೇ ಗುರಿಯಾದರೆ ತಪ್ಪು ಕಡಿಮೆಯಾಗುತ್ತದೆ.

ಈ ನೋಟಕ್ಕೆ ಕೋವಿಯೇ ಬೇಕೆಂದಿಲ್ಲ. 1980ರ ದಶಕದ ಕೊನೆಯಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ಹುಲಿಯ ಆಹಾರವನ್ನು ಅಧ್ಯಯನ ಮಾಡುವಾಗ ಚುಕ್ಕೆಜಿಂಕೆ, ಕಡವೆಗಳನ್ನು ಕಣ್ಣಳತೆಯಲ್ಲೇ ವಯಸ್ಸು, ಲಿಂಗಗಳಾಗಿ ವಿಂಗಡಿಸಿದ್ದರು. ಟೆಕ್ಸಾಸಿನ ಆಸ್ಟಿನ್ ನಗರದ ಹೊರವಲಯದಲ್ಲಿ ಬಿಳಿಬಾಲದ ಜಿಂಕೆಗಳು ಮನೆಯಂಗಳಕ್ಕೇ ಬರುತ್ತವೆ. ಅಲ್ಲಿರುವ ನಮ್ಮವರು ಕಾಫಿ ಲೋಟ ಹಿಡಿದು ಕಿಟಕಿಯಲ್ಲೇ ಇದನ್ನು ಕಲಿಯಬಹುದು.

ಕಲಿಯುವವರಿಗೆ ಅತ್ಯಂತ ಕಷ್ಟದ್ದು ಕೊಂಬಿಲ್ಲದ್ದು. ಬಲಿತ ಹೆಣ್ಣಿನ ಮುಖ ಉದ್ದ, ಮೈ ಉದ್ದನೆಯ ಆಯತ. ಮರಿಯ ಮೂತಿ ಗಿಡ್ಡ, ಮೈ ಚೌಕ. ಗಂಡುಮರಿಯ ನೆತ್ತಿ ಚಪ್ಪಟೆ, ಅದರ ಮೇಲೆ ಗುಂಡಿಯಂಥ ಎರಡು ಉಬ್ಬು. ಪಕ್ಕದಲ್ಲಿ ಇನ್ನೊಂದು ಜಿಂಕೆಯಿದ್ದರೆ ಇದೆಲ್ಲ ಸುಲಭ. ಒಂಟಿಯಾಗಿ ನಿಂತಾಗ ಆರು ತಿಂಗಳ ಮರಿಯೂ ದೊಡ್ಡದಾಗಿಯೇ ಕಾಣುತ್ತದೆ. ಸಂಜೆ ಎಲ್ಲಕ್ಕಿಂತ ಮೊದಲು, ಒಂಟಿಯಾಗಿ, ಅಳುಕಿಲ್ಲದೆ ಬಯಲಿಗೆ ಬರುವುದು ಅನೇಕ ಸಲ ಈ ಗಂಡುಮರಿಯೇ. ಅದಕ್ಕೇ ಅಟ್ಟಣೆಯಲ್ಲಿರುವ ಹಿರಿಯರು ಕಲಿಯುವವನ ತೋಳು ಹಿಡಿದು ತಡೆಯುತ್ತಾರೆ. ಬೆಳಕು ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಪೊದೆ ಅಲುಗಿ ತಾಯಿ ಹೊರಬಂದು ಪಕ್ಕದಲ್ಲಿ ನಿಲ್ಲುತ್ತದೆ. ಅಷ್ಟುಹೊತ್ತು ದೊಡ್ಡದಾಗಿ ಕಂಡದ್ದು ಅದರ ಹೊಟ್ಟೆಯ ಮಟ್ಟಕ್ಕಿಂತ ಅಷ್ಟಿಷ್ಟು ಮೇಲಷ್ಟೇ ಬರುತ್ತದೆ.