ಕೆಂಪು ಗಾಡಿ ಬರುವ ಮುನ್ನ

ನಮ್ಮ ಮನೆಗಳಲ್ಲಿ ಬಿಸುಕಣಿ ಇಡುವ ಸಿದ್ಧತೆ ನಡೆಯುವ ದಿನಗಳಲ್ಲೇ ದೇಶದ ಅಗ್ನಿಶಾಮಕ ಠಾಣೆಗಳಲ್ಲಿ ಇನ್ನೊಂದು ಆಚರಣೆ ನಡೆಯುತ್ತದೆ. ಏಪ್ರಿಲ್ 14 ಅವರಿಗೆ ಸ್ಮರಣೆಯ ದಿನ. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ‘ಫೋರ್ಟ್ ಸ್ಟೈಕಿನ್’ ಎಂಬ ಹಡಗಿಗೆ ಬೆಂಕಿ ಬಿತ್ತು. ಹತ್ತಿಯ ಮೂಟೆಗಳೂ ಯುದ್ಧದ ಸ್ಫೋಟಕಗಳೂ ಒಂದೇ ಹಡಗಿನಲ್ಲಿದ್ದವು. ನೀರು ಹಾಯಿಸುತ್ತ ನಿಂತಿದ್ದ ಅಗ್ನಿಶಾಮಕ ದಳದ 66 ಮಂದಿ ಸ್ಫೋಟದಲ್ಲಿ ಪ್ರಾಣ ಕಳೆದುಕೊಂಡರು. ಅವರ ನೆನಪಿಗಾಗಿ ಅಂದಿನಿಂದ ಒಂದು ವಾರ ದೇಶದಾದ್ಯಂತ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ.

ನಾವು ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಪ್ರತಿವರ್ಷ ಹೇಳುವುದುಂಟು. ಹೇಳಿ ಮರೆಯುವುದೂ ಉಂಟು. ಬೆಂಕಿ ನಮ್ಮ ಓಣಿಗೇ ಬಂದಾಗ ಮಾತ್ರ ಪಾಠ ಅರ್ಥವಾಯಿತು.

ಒಂದು ರಾತ್ರಿಯ ಸಂಗತಿ

ನಮ್ಮ ನೆರೆಯಲ್ಲಿ ವೃದ್ಧ ದಂಪತಿಗಳಿದ್ದಾರೆ. ಮಕ್ಕಳು ದೂರದ ಊರುಗಳಲ್ಲಿ. ಒಂದಿಷ್ಟು ಅಡಿಕೆ, ಒಂದಿಷ್ಟು ರಬ್ಬರು. ಒಂದು ರಾತ್ರಿ ಊಟದ ಹೊತ್ತಿಗೆ ಅವರ ರಬ್ಬರ್ ಸ್ಮೋಕ್ ಹೌಸಿಗೆ ಬೆಂಕಿ ಹಿಡಿಯಿತು. ಒಳಗೆ ತೂಗಹಾಕಿದ್ದ ಶೀಟುಗಳನ್ನು ಉಳಿಸುವ ಆಸೆಯಿಂದ ಅಜ್ಜ ಬಾಗಿಲು ತೆಗೆದರು. ಹೊಗೆ ಮುಖಕ್ಕೆ ಬಡಿಯಿತು, ಎರಡೂ ಕೈ ಸುಟ್ಟಿತು.

ಅಜ್ಜಿ ಧೈರ್ಯಗೆಡಲಿಲ್ಲ. ಮೊಮ್ಮಗಳು ಕಲಿಸಿಕೊಟ್ಟಿದ್ದ ತುರ್ತು ನಂಬರಿಗೆ ಫೋನು ಮಾಡಿದರು. ಆ ಕಡೆಯಿಂದ ಮಲಯಾಳದಲ್ಲಿ ಪ್ರಶ್ನೆಗಳು ಬಂದವು: ಯಾವ ಪಂಚಾಯತು, ಯಾವ ವಾರ್ಡು, ಹತ್ತಿರದಲ್ಲಿ ಏನಿದೆ? ಅಜ್ಜಿಗೆ ಬರುವುದು ಕನ್ನಡ ಮತ್ತು ತುಳು. “ಕೆರೆಯ ಮೇಲಿನ ಮನೆ, ಭೂತಸ್ಥಾನದ ಆಚೆ” ಎಂದು ಮತ್ತೆ ಮತ್ತೆ ಹೇಳಿದರಂತೆ. ಕೇಳಿದವರದು ತಪ್ಪೆನ್ನುವಂತಿಲ್ಲ, ಹೇಳಿದವರದೂ ತಪ್ಪೆನ್ನುವಂತಿಲ್ಲ. ಆದರೆ ನಿಮಿಷಗಳು ಉರಿದುಹೋಗುತ್ತಿದ್ದವು.

ಆಗ ಓಡಿ ಬಂದವನು ನಮ್ಮದೇ ಶಾಲೆಯ ಹತ್ತನೆಯ ತರಗತಿಯ ಹುಡುಗ. ಪೇಟೆಯ ಅಂಗಡಿಗಳಲ್ಲಿ, ಆಟದ ಬಯಲಿನಲ್ಲಿ ಕಲಿತ ಮಲಯಾಳ ಅವನದು. ಫೋನು ತೆಗೆದುಕೊಂಡು ಸ್ಥಳ ಹೇಳಿದ, ಗಾಡಿ ತಿರುಗಬೇಕಾದ ಬಸ್ಸು ನಿಲ್ದಾಣ ಹೇಳಿದ, ತಮ್ಮನನ್ನು ಟಾರ್ಚು ಕೊಟ್ಟು ಮುಖ್ಯ ರಸ್ತೆಗೆ ಓಡಿಸಿದ. ನಾವು ನಾಲ್ಕೈದು ಮಂದಿ ಪಂಪು ಹಾಕಿ, ತೋಟದ ಪೈಪನ್ನು ಎಳೆದು, ಬೆಂಕಿ ಪಕ್ಕದ ಕೊಟ್ಟಿಗೆಗೆ ಹಾರದಂತೆ ನೋಡಿಕೊಂಡೆವು. ಸುಟ್ಟ ಕೈಗಳಿಗೆ ಒಬ್ಬರು ತೆಂಗಿನೆಣ್ಣೆ ತಂದರು, ಇನ್ನೊಬ್ಬರು ಹಲ್ಲುಜ್ಜುವ ಪೇಸ್ಟು ತಂದರು. ಆ ಹುಡುಗನೇ ತಡೆದ. “ಮಾಷ್ಟ್ರೇ, ಬರೀ ನೀರು ಬಿಡಬೇಕು ಅಂತ ಶಿಬಿರದಲ್ಲಿ ಹೇಳಿಕೊಟ್ಟಿದ್ದಾರೆ” ಎಂದ. ಶಿಷ್ಯನಿಂದ ಪಾಠ ಹೇಳಿಸಿಕೊಂಡ ನಮಗೆ ಅಂದು ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು.

ಫಯರ್ ಫೋರ್ಸಿನ ಗಾಡಿ ಬಂದಿತು. ಓಣಿ ಕಿರಿದಾದ ಕಾರಣ ರಸ್ತೆಯಲ್ಲೇ ನಿಂತಿತು. ಅವರು ಕೊಳವೆ ಎಳೆದುಕೊಂಡು ಬಂದು ಅರ್ಧ ಗಂಟೆಯಲ್ಲಿ ಬೆಂಕಿ ಆರಿಸಿದರು. ಅವರಲ್ಲೊಬ್ಬರು ಹೊಗೆಯಿಂದ ಕೆಮ್ಮುತ್ತಿದ್ದ ಅಜ್ಜನ ಬಳಿ ಕುಳಿತು, “ಪೋಡ್ಯೊಡ್ಚಿ ಅಜ್ಜೆರೆ” ಎಂದರು. ಅಷ್ಟರವರೆಗೆ ಮಾತೇ ಆಡದಿದ್ದ ಅಜ್ಜ ಆಗ ಅತ್ತರು. ಎದೆ ಬಿಗಿಯುತ್ತಿದೆ ಎಂಬುದನ್ನೂ ಆಗಲೇ ಹೇಳಿದರು. ಅದನ್ನು ಕೇಳಿದ್ದರಿಂದಲೇ ಅವರನ್ನು ತಡಮಾಡದೆ ಆಸ್ಪತ್ರೆಗೆ ಸಾಗಿಸಲಾಯಿತು. ಅಜ್ಜ ಈಗ ಸೌಖ್ಯವಾಗಿದ್ದಾರೆ. ಸ್ಮೋಕ್ ಹೌಸನ್ನು ಮನೆಯಿಂದ ದೂರ ಕಟ್ಟಿಸಿದ್ದಾರೆ.

ಬುಧಗಾಂವದಲ್ಲಿ ಕೇಳಿದ್ದು

ಕಳೆದ ಬೇಸಗೆ ರಜೆಯಲ್ಲಿ ನಾವು ಮಹಾರಾಷ್ಟ್ರದ ಬುಧಗಾಂವಕ್ಕೆ ಹೋಗಿದ್ದೆವು. ಅಕ್ಕನ ಮಗಳನ್ನು ಅಲ್ಲಿಗೆ ಕೊಟ್ಟಿದೆ. ಸಾಂಗಲಿಯಿಂದ ಮಾಧವನಗರ ದಾಟಿದರೆ ಸಿಗುವ ಊರು ಅದು. ಹಿಂದೆ ಕಿರಿಯ ಮೀರಜ ಸಂಸ್ಥಾನದ ರಾಜಧಾನಿಯಾಗಿತ್ತು. ನಾವು ಮಲಯಾಳದ ನಡುವೆ ಕನ್ನಡಿಗರಾಗಿರುವಂತೆ ಅಲ್ಲಿ ಮರಾಠಿಯ ನಡುವೆ ಕನ್ನಡಿಗರಿದ್ದಾರೆ. ಅದೇ ಜಿಲ್ಲೆಯ ಜತ್ತ ತಾಲೂಕಿನಲ್ಲಂತೂ ಕನ್ನಡದ ಹಳ್ಳಿಗಳೇ ಇವೆ, ಕನ್ನಡ ಶಾಲೆಗಳಿವೆ.

ಮೀರಜ ಎಂದರೆ ಆಸ್ಪತ್ರೆಗಳ ಊರು. 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಅಲ್ಲಿ ಆಸ್ಪತ್ರೆ ತೆರೆದ ಕಾಲದಿಂದ ಬೆಳಗಾವಿ, ವಿಜಯಪುರ ಕಡೆಯ ಕನ್ನಡಿಗರು ಕಾಯಿಲೆ ಬಿದ್ದಾಗ ಗಡಿ ದಾಟಿ ಅಲ್ಲಿಗೆ ಹೋಗುತ್ತ ಬಂದಿದ್ದಾರೆ. ನಾವು ಮಂಗಳೂರಿಗೆ ಹೋಗುವುದಿಲ್ಲವೇ, ಹಾಗೆ. ಗಡಿನಾಡಿನವರಿಗೆ ವೈದ್ಯರ ಮನೆ ಹೆಚ್ಚಾಗಿ ಗಡಿಯ ಆಚೆಗೇ ಇರುತ್ತದೆ.

ಅಕ್ಕನ ಮಗಳ ಮನೆಯ ಪಕ್ಕದಲ್ಲಿ ಜತ್ತ ಕಡೆಯ ಒಬ್ಬ ತರುಣ ಬಾಡಿಗೆಗೆ ಇದ್ದಾನೆ. ಆಂಬುಲೆನ್ಸಿನ ಚಾಲಕ. ನಾವು ಕನ್ನಡ ಮಾಷ್ಟ್ರು ಎಂದು ತಿಳಿದು ಸಂಜೆ ಚಹಾಕ್ಕೆ ಬಂದು ಕುಳಿತ. ಕೆಲಸದ ವಿಷಯ ಕೇಳಿದೆವು. ಅವನು ಹೇಳಿದ: “ಮಾಸ್ತರ್ರ, ಗಾಡಿ ಓಡಸೂದು ದೊಡ್ಡ ಮಾತಲ್ರಿ. ನಮ್ಮ ಕಡಿ ಮುದುಕಿ ಗಾಡ್ಯಾಗ ಮಲಗಿರತಾಳ. ಎಲ್ಲಿ ನೋವು ಅಂತ ಮರಾಠಿಯೊಳಗ ಕೇಳಿದ್ರ ಸುಮ್ಮ ತಲಿ ಆಡಸತಾಳ. ‘ಆಯಿ, ಎದಿ ಬ್ಯಾನಿ ಐತೇನು?’ ಅಂತ ನಾ ಕೇಳಿದ ಕೂಡಲೆ ಕೈ ಗಟ್ಟಿ ಹಿಡಕೋತಾಳ.”

ನಮಗೆ ನಮ್ಮ ನೆರೆಯ ಅಜ್ಜ ನೆನಪಾದರು.

ಆ ತರುಣನೊಂದಿಗೆ ಮಾತು 2019ರ ಮಹಾಪೂರದ ಕಡೆಗೆ ಹೊರಳಿತು. ಆ ವರ್ಷದ ಆಗಸ್ಟಿನಲ್ಲಿ ಕೃಷ್ಣಾ ನದಿ ಸಾಂಗಲಿಯ ಇರ್ವಿನ್ ಸೇತುವೆಯ ಬಳಿ 57 ಅಡಿಯನ್ನು ದಾಟಿ ಹರಿಯಿತು. ಅಲ್ಲಿಯ ಅಪಾಯದ ಮಟ್ಟ 45 ಅಡಿ. ಹಳ್ಳಿಗಳಿಗೆ ದಾರಿಗಳೇ ಇಲ್ಲವಾದವು. ಆಗಸ್ಟ್ 8ರಂದು ಬ್ರಹ್ಮನಾಳ ಎಂಬ ಹಳ್ಳಿಯವರು ತಮ್ಮಲ್ಲಿದ್ದ ದೋಣಿಯಲ್ಲೇ ಹೆಂಗಸರು ಮಕ್ಕಳನ್ನು ದಾಟಿಸಲು ಹೊರಟರು. ದೋಣಿಗೆ ಮೀರಿದ ಜನ ಹತ್ತಿದ್ದರು. ದೋಣಿ ಮಗುಚಿ 17 ಮಂದಿ ನೀರುಪಾಲಾದರು. ನೆರೆಯವರನ್ನು ಉಳಿಸಬೇಕೆಂಬ ಮನಸ್ಸಿಗೆ ಅಲ್ಲಿ ಕೊರತೆಯಿರಲಿಲ್ಲ. ದೋಣಿಗೆ ಎಷ್ಟು ಜನ ಎಂಬ ಲೆಕ್ಕ, ಮೈಗೆ ಕಟ್ಟಿಕೊಳ್ಳುವ ರಕ್ಷಾ ಕವಚ, ಮೊದಲೇ ಮಾಡಿದ ಅಭ್ಯಾಸ ಬೇಕಿತ್ತು. ಒಳ್ಳೆಯ ಮನಸ್ಸು ಮಾತ್ರ ಸಾಲದೆಂಬುದನ್ನು ಇಷ್ಟು ಕಠೋರವಾಗಿ ಹೇಳುವ ಇನ್ನೊಂದು ಉದಾಹರಣೆ ಬೇಡ.

ನಮ್ಮ ಜಿಲ್ಲೆಯ ಅನುಭವ

ಇನ್ನು ನಮ್ಮ ಊರಿಗೆ ಬರೋಣ. 2020ರ ಮಾರ್ಚಿನಲ್ಲಿ ಕೊರೊನಾ ಕಾಲದಲ್ಲಿ ಕರ್ನಾಟಕವು ಗಡಿಯ ದಾರಿಗಳನ್ನು ಮುಚ್ಚಿದಾಗ ಆದದ್ದನ್ನು ಯಾರೂ ಮರೆತಿಲ್ಲ. ಮಂಗಳೂರಿನ ವೈದ್ಯರನ್ನೇ ನಂಬಿದ್ದ ರೋಗಿಗಳು ತಲಪಾಡಿಯಿಂದ ಹಿಂದೆ ಬರಬೇಕಾಯಿತು. ಕೆಲವರು ದಾರಿಯಲ್ಲೇ ತೀರಿಕೊಂಡರು. ಪ್ರಶ್ನೆ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲಿನಲ್ಲಿ ತುರ್ತು ರೋಗಿಗಳಿಗೆ ದಾರಿ ಬಿಡುವ ಏರ್ಪಾಡಾಯಿತು. ಭಾಷೆಯಿಂದ ಯಾವ ನಾಡನ್ನು ತವರು ಎಂದು ತಿಳಿದಿದ್ದೆವೋ ಅದೇ ನಾಡಿನ ಬಾಗಿಲು ಅಂದು ಮುಚ್ಚಿತ್ತು.

2024ರ ಅಕ್ಟೋಬರ್ 28ರ ರಾತ್ರಿ ನೀಲೇಶ್ವರದ ಕ್ಷೇತ್ರವೊಂದರ ತೆಯ್ಯಂ ಉತ್ಸವದಲ್ಲಿ ಪಟಾಕಿ ಇಟ್ಟಿದ್ದ ಕೊಠಡಿಗೆ ಕಿಡಿ ಬಿದ್ದು 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಹಲವರು ಮುಂದಿನ ದಿನಗಳಲ್ಲಿ ಆಸ್ಪತ್ರೆಗಳಲ್ಲಿ ಅಸುನೀಗಿದರು. ಗಾಯಾಳುಗಳನ್ನು ಕಾಞಂಗಾಡು, ಕಣ್ಣೂರು, ಕೋಝಿಕ್ಕೋಡು, ಮಂಗಳೂರು ಎಂದು ನಾಲ್ಕು ದಿಕ್ಕಿಗೆ ಸಾಗಿಸಬೇಕಾಯಿತು.

ಜಿಲ್ಲೆಯಲ್ಲಿ ಅಗ್ನಿಶಾಮಕ ಠಾಣೆಗಳಿರುವುದು ಕಾಸರಗೋಡು, ಉಪ್ಪಳ, ಕುತ್ತಿಕ್ಕೋಲು, ಕಾಞಂಗಾಡು, ತೃಕ್ಕರಿಪುರಗಳಲ್ಲಿ. ಬೆಳ್ಳೂರು, ಎಣ್ಮಕಜೆ, ದೇಲಂಪಾಡಿಯ ಒಳಭಾಗಕ್ಕೆ ಗಾಡಿ ಬರುವಷ್ಟರಲ್ಲಿ ಏನೇನಾಗಬಹುದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. 108ಕ್ಕೆ ಮಾಡಿದ ಕರೆಯೂ ಐನೂರು ಕಿಲೋಮೀಟರಿಗೆ ಮಿಕ್ಕಿದ ತಿರುವನಂತಪುರದಲ್ಲಿ ಕೇಳಿಸುತ್ತದೆ. ಜತ್ತದ ಕನ್ನಡಿಗನ ಕರೆ ಪುಣೆಗೆ ಹೋಗುವ ಹಾಗೆ.

ಆದುದರಿಂದ ಮೊದಲ ಹತ್ತು ನಿಮಿಷ ಸರಕಾರದ ಕೈಯಲ್ಲಿಲ್ಲ; ನೆರೆಮನೆಯವರ ಕೈಯಲ್ಲಿದೆ. ಉಸಿರು ನಿಂತವನ ಮಿದುಳು ನಾಲ್ಕೈದು ನಿಮಿಷಗಳಲ್ಲೇ ಕೆಡತೊಡಗುತ್ತದೆ. ಆ ಹೊತ್ತಿನಲ್ಲಿ ಎದೆಯ ನಡುವೆ ಅಂಗೈ ಇಟ್ಟು, ಐದು ಸೆಂಟಿಮೀಟರಿನಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬಲ್ಲ ಒಬ್ಬನಿದ್ದರೆ ಆಂಬುಲೆನ್ಸು ಬಂದದ್ದಕ್ಕೆ ಸಾರ್ಥಕ.

ಬಾವಿಯ ವಿಷಯವೂ ಹಾಗೆಯೇ. ಕೆಸರು ತೆಗೆಯಲು ಇಳಿದವನು ಕುಸಿದುಬಿದ್ದರೆ ಅವನ ಹಿಂದೆಯೇ ಅಣ್ಣನೋ ತಮ್ಮನೋ ಇಳಿಯುತ್ತಾನೆ. ತಳದಲ್ಲಿ ಪ್ರಾಣವಾಯು ಇಲ್ಲದಿದ್ದರೆ ಅವನೂ ಬೀಳುತ್ತಾನೆ. ಒಂದು ಮನೆಯಲ್ಲಿ ಎರಡು ಹೆಣ! ಅಗ್ನಿಶಾಮಕ ದಳದವರು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಳಿಯುವುದು ಸುಮ್ಮನೆ ಅಲ್ಲ. ಇಳಿಯದೆ ತಡೆಯುವುದೂ ಒಂದು ರಕ್ಷಣಾ ಕಾರ್ಯವೇ.

ನಾವು ಮಾಡಬಹುದಾದದ್ದು

2018ರ ಪ್ರಳಯದ ಬಳಿಕ ಕೇರಳ ಸರಕಾರವು ಅಗ್ನಿಶಾಮಕ ಠಾಣೆಗಳ ಆಶ್ರಯದಲ್ಲಿ ಸಿವಿಲ್ ಡಿಫೆನ್ಸ್ ಎಂಬ ಸ್ವಯಂಸೇವಕ ಪಡೆಯನ್ನು ಕಟ್ಟಲು ಹೊರಟಿತು. ಠಾಣೆಯೊಂದಕ್ಕೆ 50 ಮಂದಿ ಎಂಬ ಲೆಕ್ಕ. ಊರಿನವರೇ ತರಬೇತಿ ಪಡೆದು ಊರಿಗೆ ನೆರವಾಗುವ ಏರ್ಪಾಡು ಇದು. ಈ ಪಟ್ಟಿಯಲ್ಲಿ ನಮ್ಮ ಕನ್ನಡದ ಮನೆಗಳ ಹುಡುಗರು, ಹುಡುಗಿಯರು ಇರಬೇಡವೇ? ಡಾಕ್ಟರು, ಇಂಜಿನಿಯರು ಎಂದು ಮಕ್ಕಳನ್ನು ದೂರ ಕಳುಹಿಸುವ ನಾವು ಸಮವಸ್ತ್ರದ ಈ ಉದ್ಯೋಗದ ಹೆಸರನ್ನು ಮನೆಯಲ್ಲಿ ಎತ್ತುವುದೇ ಇಲ್ಲ. 2024ರಲ್ಲಿ ಕೇರಳದ ಅಗ್ನಿಶಾಮಕ ದಳಕ್ಕೆ ತರುಣಿಯರ ಮೊದಲ ತಂಡವೂ ಸೇರಿದೆ. ಬೆಂಕಿ ಆರಿಸುವವಳು ಕನ್ನಡದಲ್ಲಿ, ತುಳುವಿನಲ್ಲಿ “ಹೆದರಬೇಡಿ” ಎನ್ನಬಲ್ಲಳಾದರೆ ನಮ್ಮ ಅಜ್ಜ ಅಜ್ಜಿಯರಿಗೆ ಅದೊಂದು ಔಷಧ.

ಮನೆಯ ಮಟ್ಟದಲ್ಲಿ ಕೆಲವು ಮಾತುಗಳಿವೆ. ಊರಿನ ಹೆಸರುಗಳ ವಿವಾದ ನಮ್ಮಲ್ಲಿ ಹಳೆಯದು, 2021ರಲ್ಲೂ ಎದ್ದಿತ್ತು. ಮಂಜೇಶ್ವರವು ಮಂಜೇಶ್ವರಂ ಆಗುವುದನ್ನು, ನೆಲ್ಲಿಕುಂಜೆಯು ನೆಲ್ಲಿಕುನ್ನು ಆಗುವುದನ್ನು ನಾವು ಒಪ್ಪುವುದಿಲ್ಲ. ಆ ಹೋರಾಟ ಹೋರಾಟದ ಜಾಗದಲ್ಲಿರಲಿ. ಆದರೆ ಫೋನಿನ ಬಳಿ ಗೋಡೆಯ ಮೇಲೆ ನಮ್ಮ ಜಾಗದ ಹೆಸರು ಎರಡೂ ರೂಪದಲ್ಲಿ ಬರೆದಿರಲಿ. ಪಂಚಾಯತು, ವಾರ್ಡು, ಹತ್ತಿರದ ಬಸ್ಸು ನಿಲ್ದಾಣ ಬರೆದಿರಲಿ. ಬೆಂಕಿಗೆ 101, ಆಂಬುಲೆನ್ಸಿಗೆ 108, ಯಾವುದೂ ತೋಚದಿದ್ದರೆ 112 ಎಂದಿರಲಿ. ಅದರ ಕೆಳಗೆ ಕನ್ನಡ ಲಿಪಿಯಲ್ಲೇ ಮೂರು ಮಲಯಾಳ ಮಾತು: “ತೀ ಪಿಡಿಚ್ಚು” ಎಂದರೆ ಬೆಂಕಿ ಹಿಡಿಯಿತು, “ಶ್ವಾಸಂ ಕಿಟ್ಟುನ್ನಿಲ್ಲ” ಎಂದರೆ ಉಸಿರಾಡಲು ಆಗುತ್ತಿಲ್ಲ, “ಕಿಣಟ್ಟಿಲ್ ವೀಣು” ಎಂದರೆ ಬಾವಿಗೆ ಬಿದ್ದರು. ಇಷ್ಟು ಮಲಯಾಳ ಕಲಿತರೆ ನಮ್ಮ ಕನ್ನಡಕ್ಕೇನೂ ಕುಂದಿಲ್ಲ. ಜೊತೆಗೆ, ಕನ್ನಡ ಬಲ್ಲ ಸಿಬ್ಬಂದಿ ಈ ಸೇವೆಗಳಲ್ಲಿರಬೇಕೆಂದು ಕೇಳುವ ನಮ್ಮ ಹಕ್ಕನ್ನೂ ಬಿಡಬಾರದು. ಆಫೀಸಿನ ಅರ್ಜಿಗೆ ಭಾಷಾ ಅಲ್ಪಸಂಖ್ಯಾತರ ಹಕ್ಕು ಎಷ್ಟು ಮುಖ್ಯವೋ, ಪ್ರಾಣದ ಕರೆಗೆ ಅದು ಅದಕ್ಕಿಂತ ಮುಖ್ಯ.

ರಸ್ತೆಯಲ್ಲಿ ಬಿದ್ದವರನ್ನು ಎತ್ತಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಹೆದರಿಕೆ ಹಲವರಲ್ಲಿದೆ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆ ಅಂಥ ಸಹಾಯಕರಿಗೆ ರಕ್ಷಣೆ ಕೊಟ್ಟಿದೆ. ಇನ್ನು ಆ ನೆಪ ಬೇಡ.

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಎಂಬ ಗಾದೆಯನ್ನು ನಾವು ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತೇವೆ. ಈ ಸಲ ಶಾಲೆ ಬಾಗಿಲು ತೆರೆದಾಗ ಆ ಗಾದೆಯ ಜೊತೆಗೆ ಇನ್ನೊಂದು ಮನೆಗೆಲಸವನ್ನೂ ಕೊಡಲಿದ್ದೇವೆ: ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಗೆ ಮತ್ತು ಒಂಟಿಯಾಗಿರುವ ಒಬ್ಬ ನೆರೆಯ ಅಜ್ಜ ಅಥವಾ ಅಜ್ಜಿಯ ಮನೆಗೆ ಮೇಲೆ ಹೇಳಿದ ಚೀಟಿಯನ್ನು ಬರೆದು ಅಂಟಿಸಿ ಬರಬೇಕು. ಮೊದಲ ಚೀಟಿ ಬರೆಯುವವನು ಯಾರೆಂದು ಈಗಾಗಲೇ ನಿಶ್ಚಯವಾಗಿದೆ. ಆ ರಾತ್ರಿ ಫೋನು ತೆಗೆದುಕೊಂಡ ಹುಡುಗನೇ ಅದಕ್ಕೆ ಮುಂದೆ ಬಂದಿದ್ದಾನೆ.