ಗಣಕಯಂತ್ರದ ಕಾರ್ಯವ್ಯವಸ್ಥೆ: ಕೊಂಡದ್ದೋ, ಮುಕ್ತವಾದದ್ದೋ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಗಣಕಯಂತ್ರದ ವಿಷಯವಾಗಿ ಎಲ್ಲರಿಗೂ ತಿಳಿಯುವಂತೆ ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದರು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಇಂದು ಕೇಳಿಬರುವ ಒಂದು ಪ್ರಶ್ನೆಯನ್ನೇ ನಾನು ಎತ್ತಿಕೊಂಡಿದ್ದೇನೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ನಡೆಯಬೇಕಾದರೆ 4 ಜಿಬಿ ಮೆಮೊರಿ ಮತ್ತು 64 ಜಿಬಿ ಸಂಗ್ರಹಸ್ಥಳ ಇದ್ದರೆ ಸಾಲದು, ಟಿಪಿಎಂ 2.0 ಎಂಬ ಭದ್ರತಾ ಘಟಕವೂ, ಸಂಸ್ಥೆಯ ಪಟ್ಟಿಯಲ್ಲಿರುವ ಪ್ರೊಸೆಸರೂ ಬೇಕು. ಇದರಿಂದಾಗಿ ಇನ್ನೂ ಗಟ್ಟಿಮುಟ್ಟಾಗಿರುವ ಎಷ್ಟೋ ಯಂತ್ರಗಳು ಮೂಲೆಗುಂಪಾಗುವ ಸ್ಥಿತಿ ಬಂದಿದೆ. ಹೊಸ ಯಂತ್ರ ಕೊಳ್ಳಬೇಕೇ, ಇದ್ದುದಕ್ಕೇ ಲಿನಕ್ಸ್ ಹಾಕಿಸಬೇಕೇ? ಎರಡನ್ನೂ ನಿತ್ಯ ಬಳಸುತ್ತಿರುವ ನಾನು ಕನ್ನಡಿಗನ ದೃಷ್ಟಿಯಿಂದ ಇವುಗಳ ಗುಣದೋಷಗಳನ್ನು ವಿವೇಚಿಸಲು ಯತ್ನಿಸುತ್ತೇನೆ.

ಕಾರ್ಯವ್ಯವಸ್ಥೆ ಎಂದರೇನು?

ಇಚಲಕರಂಜಿಯ ಮಗ್ಗದ ಕಾರಖಾನೆಯಲ್ಲಿ ನೂಲು, ಮಗ್ಗ, ಕೆಲಸಗಾರರು ಎಲ್ಲ ಇದ್ದರೂ ಯಾರಿಗೆ ಯಾವ ಕೆಲಸವೆಂದು ಹಂಚುವ ಮುಕಾದಮನಿಲ್ಲದಿದ್ದರೆ ಬಟ್ಟೆ ಹೊರಬರುವುದಿಲ್ಲ. ಗಣಕಯಂತ್ರದಲ್ಲಿ ಈ ಮುಕಾದಮನ ಕೆಲಸವನ್ನು ಮಾಡುವ ಮೂಲ ತಂತ್ರಾಂಶವೇ ಕಾರ್ಯವ್ಯವಸ್ಥೆ. ಕೀಲಿಮಣೆ, ಪರದೆ, ಮುದ್ರಣಯಂತ್ರಗಳೆಲ್ಲ ಅದರ ಅಪ್ಪಣೆಯಂತೆ ನಡೆಯುತ್ತವೆ.

1985ರಲ್ಲಿ ಹೊರಬಂದ ವಿಂಡೋಸ್ ವಾಣಿಜ್ಯ ತಂತ್ರಾಂಶ. ಹಣ ತೆತ್ತವರಿಗೆ ದೊರೆಯುವುದು ಬಳಸುವ ಅನುಮತಿ ಮಾತ್ರ; ಅದರ ಒಳರಚನೆಯನ್ನು ಸಂಸ್ಥೆ ಬಿಟ್ಟುಕೊಡುವುದಿಲ್ಲ. ಮುಕ್ತ ತಂತ್ರಾಂಶದ ರೀತಿ ಬೇರೆ. ಸೀರೆಯ ಜೊತೆಗೆ ಅದರ ನೇಯ್ಗೆಯ ನಕ್ಷೆಯನ್ನೂ ಕೊಟ್ಟು, ‘ನೀವೂ ನೇಯಿರಿ, ಬೇಕಾದಂತೆ ಬದಲಿಸಿಕೊಳ್ಳಿರಿ, ಇತರರಿಗೂ ಹಂಚಿರಿ’ ಎಂದಂತೆ. 1983ರಲ್ಲಿ ಅಮೆರಿಕೆಯ ರಿಚರ್ಡ್ ಸ್ಟಾಲ್‌ಮನ್ ಅವರು ಗ್ನೂ ಯೋಜನೆಯನ್ನು ಘೋಷಿಸಿ ಈ ತತ್ತ್ವಕ್ಕೆ ತಳಹದಿ ಹಾಕಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್‌ನ ತಿರುಳನ್ನು ರಚಿಸಿದರು. ಉಬುಂಟು, ಡೆಬಿಯನ್, ಮಿಂಟ್ ಮುಂತಾದವು ಇದರಿಂದಲೇ ಬೆಳೆದ ವ್ಯವಸ್ಥೆಗಳು.

ನಿತ್ಯೋಪಯೋಗದಲ್ಲಿ

ಪತ್ರ ಬರೆಯುವುದು, ಅಂತರಜಾಲ ನೋಡುವುದು, ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ, ಚಲನಚಿತ್ರ ವೀಕ್ಷಣೆ – ಇವಿಷ್ಟೇ ಅಗತ್ಯವಾದರೆ ಎರಡರಲ್ಲಿ ಯಾವುದಾದರೂ ಸಾಕು. ಲಿನಕ್ಸ್‌ನೊಂದಿಗೆ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶವು ಬೆಲೆಯಿಲ್ಲದೆ ದೊರೆಯುತ್ತದೆ. ಹಳೆಯ ಯಂತ್ರಗಳಿಗೆಂದೇ ಸಿದ್ಧಪಡಿಸಿದ ಹಗುರವಾದ ಲಿನಕ್ಸ್ ಆವೃತ್ತಿಗಳೂ ಇವೆ.

ಆದರೆ ವ್ಯಾಪಾರಸ್ಥರ ಮಾತು ಬೇರೆ. ನೂಲಿನ ವ್ಯಾಪಾರಿ ತನ್ನ ಲೆಕ್ಕವನ್ನು ಟ್ಯಾಲಿಯಲ್ಲಿ ಇಟ್ಟಿದ್ದರೆ, ಆ ತಂತ್ರಾಂಶ ರಚಿತವಾಗಿರುವುದು ವಿಂಡೋಸ್‌ಗಾಗಿ. ಲಗ್ನಪತ್ರಿಕೆ ಅಚ್ಚುಹಾಕುವವರ ಕೋರೆಲ್‌ಡ್ರಾ ತಂತ್ರಾಂಶದ್ದೂ ಲಿನಕ್ಸ್‌ನಲ್ಲಿ ಇದೇ ಅಡಚಣೆ. ಯಂತ್ರ ಕೆಟ್ಟಾಗ ಪೇಟೆಯ ದುರಸ್ತಿಗಾರನಿಗೆ ವಿಂಡೋಸ್ ಚೆನ್ನಾಗಿ ಗೊತ್ತು. ಲಿನಕ್ಸ್ ಬಲ್ಲವರನ್ನು ಹುಡುಕಬೇಕಾಗುತ್ತದೆ. ಕೆಲವು ಮುದ್ರಣಯಂತ್ರಗಳು ಲಿನಕ್ಸ್‌ನೊಡನೆ ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ಈ ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಹಾಗೆಯೇ, ಕದ್ದ ವಿಂಡೋಸ್ ಪ್ರತಿಯನ್ನು ಹಾಕಿಸಿಕೊಂಡು ‘ಇದೂ ಪುಕ್ಕಟೆಯೇ’ ಎನ್ನುವುದೂ ಸರಿಯಲ್ಲ. ಅದು ಕಾನೂನಿಗೆ ವಿರುದ್ಧ. ಜೊತೆಗೆ ವೈರಸ್ಸಿಗೆ ಬಾಗಿಲು ತೆರೆದಂತೆ.

ಕನ್ನಡದ ದೃಷ್ಟಿಯಿಂದ

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಾದ ಯುನಿಕೋಡ್‌ನಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಇದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಅಂಗಭೂತವಾದ ಬೆಂಬಲ ದೊರೆತುದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ತುಂಗಾ ಅಕ್ಷರಶೈಲಿಯೊಡನೆ. ಲಿನಕ್ಸ್‌ನಲ್ಲಿ ಲೋಹಿತ್, ಗುಬ್ಬಿ, ನವಿಲು ಮೊದಲಾದ ಮುಕ್ತ ಅಕ್ಷರಶೈಲಿಗಳಿವೆ. ಇಂದು ಎರಡರಲ್ಲಿಯೂ ಕನ್ನಡ ಬರೆಯಬಹುದು, ಓದಬಹುದು.

ಗಡಿನಾಡಿನ ನಮಗೆ ಇನ್ನೊಂದು ಅನುಕೂಲವುಂಟು. ಭಾರತೀಯ ಭಾಷೆಗಳಿಗಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸ ಎರಡು ವ್ಯವಸ್ಥೆಗಳಲ್ಲಿಯೂ ಇದೆ. ಇದರಲ್ಲಿ ಕನ್ನಡದ ಅಕ್ಷರಕ್ಕೂ ಮರಾಠಿಯ ಅದೇ ಅಕ್ಷರಕ್ಕೂ ಒಂದೇ ಕೀಲಿ. ಇಂಗ್ಲಿಷಿನ ಕೆ, ಇ, ಐ, ಓ ಕೀಲಿಗಳನ್ನು ಕ್ರಮವಾಗಿ ಒತ್ತಿದರೆ ‘ಕಾಗದ’ ಮೂಡುತ್ತದೆ. ಭಾಷೆಯನ್ನು ಮರಾಠಿಗೆ ಬದಲಿಸಿ ಅವನ್ನೇ ಒತ್ತಿದರೆ ದೇವನಾಗರಿಯಲ್ಲಿಯೂ ‘ಕಾಗದ’ವೇ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳು ಒಮ್ಮೆ ಕಲಿತರೆ ಎರಡೂ ಲಿಪಿ ಬೆರಳಿಗೆ ಬರುತ್ತವೆ.

ನಿಜವಾದ ಅಪಾಯವಿರುವುದು ಹಳೆಯ ಕಡತಗಳಲ್ಲಿ. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳು ಕನ್ನಡಕ್ಕೆ ಮಹದುಪಕಾರ ಮಾಡಿದವು. ಆದರೆ ಆ ಕಾಲದ ಕಡತದೊಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತ. ಅಕ್ಷರಶೈಲಿಯು ಅದಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ, ಅದು ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ವೇಷ ಕಳಚಿ ಅರ್ಥವಿಲ್ಲದ ಅಕ್ಷರಗಳ ರಾಶಿಯಷ್ಟೇ ಉಳಿಯುತ್ತದೆ.

ಕಾಸರಗೋಡಿನ ಉದಾಹರಣೆ

ನಮ್ಮಂತೆಯೇ ಗಡಿಯಾಚೆಗಿನ ಕನ್ನಡಿಗರು ಕಾಸರಗೋಡಿನವರು. ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಸಂಸ್ಥೆಯಾಯಿತು. ಅಲ್ಲಿನ ಶಾಲೆಗಳಲ್ಲಿ ಮುಕ್ತ ತಂತ್ರಾಂಶದ ಮೂಲಕವೇ ಗಣಕ ಶಿಕ್ಷಣ ನಡೆಯುತ್ತದೆ. ಅದರ ಪಠ್ಯಪುಸ್ತಕ ಕನ್ನಡದಲ್ಲಿಯೂ ಉಂಟು. ಸಂಸ್ಥೆಯು 2019ರಲ್ಲಿ ಉಬುಂಟು ಆಧಾರಿತ ವ್ಯವಸ್ಥೆಯನ್ನು 2 ಲಕ್ಷಕ್ಕೂ ಹೆಚ್ಚು ಶಾಲಾ ಗಣಕಯಂತ್ರಗಳಿಗಾಗಿ ಹೊರತಂದಾಗ, ಉಳಿತಾಯವು ಸುಮಾರು 3,000 ಕೋಟಿ ರೂಪಾಯಿ ಎಂದು ಅಂದಾಜಿಸಲಾಗಿತ್ತು. ಅಲ್ಲಿ ಸರ್ಕಾರವೇ ಶಿಕ್ಷಕರಿಗೆ ತರಬೇತಿ ಕೊಟ್ಟಿತು ಎಂಬುದನ್ನು ಮರೆಯಬಾರದು. ತಂತ್ರಾಂಶ ಪುಕ್ಕಟೆ ಸಿಕ್ಕರೂ ಕಲಿಸುವ ಶ್ರಮ ಪುಕ್ಕಟೆಯಲ್ಲ.

ನನ್ನ ವಿನಂತಿ

ಟ್ಯಾಲಿಯಂತಹ ತಂತ್ರಾಂಶವನ್ನೇ ನೆಚ್ಚಿಕೊಂಡವರು ವಿಂಡೋಸ್‌ನಲ್ಲಿಯೇ ಇರುವುದು ಲೇಸು. ಮನೆಗೆ, ಶಾಲೆಗೆ, ಹಳೆಯ ಯಂತ್ರಕ್ಕೆ ಲಿನಕ್ಸ್ ಧಾರಾಳವಾಗಿ ಸಾಕು. ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ ನೋಡಿ, ಒಪ್ಪಿಗೆಯಾದ ಮೇಲೆ, ಕಡತಗಳ ಪ್ರತಿ ತೆಗೆದಿಟ್ಟುಕೊಂಡು ಅಳವಡಿಸಬಹುದು.

ವ್ಯವಸ್ಥೆ ಯಾವುದೇ ಇರಲಿ, ಬರೆಯುವ ಕನ್ನಡ ಯುನಿಕೋಡ್‌ನಲ್ಲಿರಲಿ. ಶಾಲೆಗೆ ಗಣಕಯಂತ್ರ ದಾನ ಮಾಡಬಯಸುವ ಹಳೆಯ ವಿದ್ಯಾರ್ಥಿಗಳು ಯಂತ್ರದ ಜೊತೆಗೆ ನಾಲ್ಕು ದಿನಗಳ ಬಿಡುವನ್ನೂ ಕೊಡಲಿ. ಹಳೆಯ ಅಕ್ಷರಶೈಲಿಯಲ್ಲಿರುವ ಶಾಲೆಯ ವರದಿಗಳು, ನಾಟಕಗಳು, ಮಕ್ಕಳ ಲೇಖನಗಳು ಇದ್ದಲ್ಲಿ ಅವನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ಮಾರ್ಪಡಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿಕೊಡಲಿ. ಮರಾಠಿ ನಾಡಿನಲ್ಲಿ ಐವತ್ತು ವರ್ಷ ಕನ್ನಡವನ್ನು ಕಾಪಾಡಿದ ಈ ಶಾಲೆಯ ಬರಹಗಳು ಅದರ ಶತಮಾನೋತ್ಸವದಲ್ಲಿಯೂ ಓದಲು ಸಿಗಬೇಕಾದರೆ ಈ ಕೆಲಸ ಈಗಲೇ ಆಗಬೇಕು.